ದೋಣಿಯ ಮನೆಗೆ ಕೂಸು ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮುತ್ತಜ್ಜನಿಂದ ಹಿಡಿದು ಮೊಮ್ಮಗನವರೆಗೆ ಎಲ್ಲರೂ ಒಂದೇ ಸೂರಿನಡಿ ಇದ್ದು, ಎಲ್ಲರ ಹೊಟ್ಟೆಪಾಡೂ ನೀರಿನಿಂದಲೇ ನಡೆಯುವ ಮನೆಗಳಿಗಾಗಿ ಇದನ್ನು ಬರೆದಿದ್ದೇನೆ. ಬಾಣಂತನದ ಪುಸ್ತಕಗಳಲ್ಲಿ ತೊಟ್ಟಿಲು, ಬಟ್ಟೆ, ಹಾಲಿನ ವಿಷಯವೆಲ್ಲ ಸಿಗುತ್ತದೆ. ಬಲೆಗೆ ಭಾರ ಕೊಡುವ ಸೀಸದ ಗುಂಡು, ಐಸ್ ಪೆಟ್ಟಿಗೆ, ಮೂರು ವಾರಕ್ಕೊಮ್ಮೆ ದಡ ಮುಟ್ಟುವ ಅಪ್ಪ, ಇವರ ಸುದ್ದಿ ಇರುವುದಿಲ್ಲ. ಇಂಥ ಮನೆಗಳಲ್ಲಿ ಕೈಗಳಿಗೆ ಬರವಿಲ್ಲ. ಆದರೆ ಯಾವ ಕೈ ಯಾವಾಗ ಏನು ಮಾಡಬೇಕು ಎಂಬುದನ್ನು ಯಾರೂ ಮೊದಲೇ ಮಾತಾಡಿಕೊಂಡಿರುವುದಿಲ್ಲ. ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದಲೇ ಹುಟ್ಟಿದವು.

ಡಾಕ್ಟರು ಕೊಟ್ಟ ತಾರೀಖು ನೋಡಿಕೊಂಡು ಕಡಲಿಗೆ ಹೋಗಿ ಬರಬಹುದೇ?

ಆ ತಾರೀಖನ್ನು ನೆಚ್ಚಿಕೊಳ್ಳಬೇಡಿ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. 37ನೇ ವಾರ ತುಂಬಿದ ಮೇಲೆ 42ರವರೆಗೆ ಯಾವತ್ತು ಬೇಕಾದರೂ ನೋವು ಬರಬಹುದು. ಐದು ವಾರ ಬೋಟು ಕಟ್ಟಿಹಾಕಿ ಕೂರುವುದು ಬಹಳ ಮನೆಗಳಿಗೆ ಆಗದ ಮಾತು, ಅದು ನನಗೂ ಗೊತ್ತು. ಆ ಐದು ವಾರ ದೂರದ ಮೀನುಗಾರಿಕೆ ಬಿಟ್ಟು, ಬೆಳಿಗ್ಗೆ ಹೋಗಿ ಸಂಜೆ ಬರುವಂಥ ಹತ್ತಿರದ ಕೆಲಸ ನೋಡಿಕೊಳ್ಳಿ. ಅದೂ ಆಗದಿದ್ದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ರಾತ್ರಿ ಗಾಡಿ ಯಾರದ್ದು, ರಕ್ತ ಬೇಕಾದರೆ ಯಾರನ್ನು ಕರೆಯಬೇಕು, ಕಾಗದಕ್ಕೆ ಸಹಿ ಯಾರದ್ದು ಎಂಬುದನ್ನು ಹೆಸರು ಹಿಡಿದು ತೀರ್ಮಾನಿಸಿಯೇ ಹಗ್ಗ ಬಿಚ್ಚಿ. "ಮನೇಲಿ ಅಷ್ಟೊಂದು ಜನ ಇದಾರಲ್ಲ" ಎಂದುಕೊಂಡು ಹೋದ ಮನೆಗಳಲ್ಲೇ ನಡುರಾತ್ರಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತದ್ದನ್ನು ಕಂಡಿದ್ದೇನೆ.

ಕಡಲಲ್ಲಿರುವವರಿಗೆ ಸುದ್ದಿ ಮುಟ್ಟಿಸುವುದು ಹೇಗೆ?

ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಸತ್ತುಹೋಗುತ್ತದೆ. ಬೋಟಿನಲ್ಲಿ ವಿಎಚ್‌ಎಫ್ ರೇಡಿಯೋ, ಅಂದರೆ ಕಡಲಿನವರು ಪರಸ್ಪರ ಮಾತಾಡುವ ನಿಸ್ತಂತು, ಇದ್ದರೆ ಅದೇ ದಾರಿ. ಆದರೆ 16ನೇ ಚಾನೆಲ್ಲಿನಲ್ಲಿ ಸಂಭ್ರಮಪಡಬೇಡಿ. ಅದು ಇರುವುದು ಅಪಾಯದ ಕರೆಗೆ ಮತ್ತು ಮೊದಲು ಕೂಗುವುದಕ್ಕೆ ಮಾತ್ರ. ಕೂಗಿ, ಆ ಕಡೆಯವರು ಓಗೊಟ್ಟ ಮೇಲೆ ಬೇರೆ ಚಾನೆಲ್ಲಿಗೆ ಹೋಗಿ, ಆಮೇಲೆ ಗಂಡೋ ಹೆಣ್ಣೋ ತೂಕ ಎಷ್ಟೋ ಎಲ್ಲ ಹೇಳಿ. ರೇಡಿಯೋದಲ್ಲಿ ಆಡಿದ ಮಾತು ಸುತ್ತಲಿನ ಬೋಟುಗಳಿಗೂ ಕೇಳುತ್ತದೆ. ಹೆರಿಗೆಯಲ್ಲಿ ಏನಾದರೂ ತೊಡಕಾಗಿದ್ದರೆ ಅಷ್ಟು ಕಿವಿಗಳ ಮುಂದೆ ಅದನ್ನು ಬಿಡಿಸಿ ಹೇಳಬೇಡಿ. "ಮನೆಗೆ ಬಾ" ಎಂಬ ಒಂದು ಮಾತು ಸಾಕು, ಬೋಟು ನಡೆಸುವ ತಾಂಡೇಲನಿಗೆ ಅರ್ಥವಾಗುತ್ತದೆ.

ಧಕ್ಕೆಯಿಂದ (ಮೀನು ಇಳಿಸುವ ಕಟ್ಟೆಯಿಂದ) ಬಂದವರು ನೇರ ಮಗುವನ್ನು ಎತ್ತಿಕೊಳ್ಳಬಹುದೇ?

ಬೇಡ. ಮೊದಲು ಬಟ್ಟೆ ಬದಲಿಸಿ, ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳಿ. ಕನಿಷ್ಠ 20 ಸೆಕೆಂಡ್ ಉಜ್ಜಿ, ಉಗುರಿನ ಸಂದು ಬಿಡಬೇಡಿ. ಮೀನು ಮುಟ್ಟಿದ್ದೇ ತಪ್ಪು ಎಂದಲ್ಲ. ಮೀನಿನ ಮುಳ್ಳು, ಕಿವಿರು, ಏಡಿಯ ಕೊಂಬು ಚುಚ್ಚಿದ ಗಾಯಗಳಲ್ಲಿ ನೀರಿನ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಳ್ಳುತ್ತವೆ. ಮೀನುಗಾರರ ಬೆರಳಲ್ಲಿ ವಾರಗಟ್ಟಲೆ ಮಾಯದೆ ಉಳಿಯುವ ಗಂಟು, ಕೆಂಪು ಬಾವುಗಳಿಗೆ ಎಷ್ಟೋ ಸಲ ಇವೇ ಕಾರಣ. ಕೈಯಲ್ಲಿ ಹಸಿ ಗಾಯವಿದ್ದರೆ ಅದನ್ನು ಮುಚ್ಚಿಕೊಂಡೇ ಮಗುವನ್ನು ಮುಟ್ಟಿ. ಕೀವಾಗಿದ್ದರೆ ಮಾಯುವ ತನಕ ದೂರದಿಂದಲೇ ಮಾತಾಡಿಸಿ.

ಒಂದು ಉಪಾಯ ಹೇಳುತ್ತೇನೆ. ಬಾಗಿಲ ಹೊರಗೇ ಒಂದು ಬಕೆಟ್, ಸೋಪು, ಗೂಟಕ್ಕೆ ನೇತುಹಾಕಿದ ಒಗೆದ ಅಂಗಿ ಇಟ್ಟುಬಿಡಿ. ಆಗ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಸೊಸೆ ಮಾವನಿಗೆ "ಕೈ ತೊಳ್ಕೊಳ್ಳಿ" ಎನ್ನುವುದು ಕಷ್ಟ, ಬಕೆಟ್ಟಿಗೆ ಆ ಮುಲಾಜು ಇಲ್ಲ. ಮಗು ಬಕೆಟ್ಟಿನ ತನಕ ಅಂಬೆಗಾಲಿಟ್ಟು ಹೋಗುವಷ್ಟು ದೊಡ್ಡದಾಗುವ ಮುಂಚೆ ಅದನ್ನು ಎತ್ತರಕ್ಕೆ ಏರಿಸಬೇಕು, ಅದನ್ನು ಮುಂದೆ ಹೇಳುತ್ತೇನೆ.

ಮೀನಿನ ವಾಸನೆಯಿಂದ ಮಗುವಿಗೆ ತೊಂದರೆಯೇ?

ಇಲ್ಲ. ಡೀಸೆಲ್ ಹೊಗೆ, ಬೀಡಿ ಸಿಗರೇಟು, ಮೀನು ಹೊಗೆಗೆ ಹಾಕುವ ಒಲೆ, ಇವುಗಳಿಂದ ತೊಂದರೆ ಇದೆ. ಸಿಗರೇಟನ್ನು ಅಂಗಳದಲ್ಲಿ ಸೇದಿ ಬಂದರೂ ಅಂಗಿಯಲ್ಲಿ, ಮೀಸೆಯಲ್ಲಿ ಹೊಗೆಯ ಅಂಶ ಉಳಿದಿರುತ್ತದೆ.

ಮನೆಯ ಹಿರಿಯರೂ ಲಸಿಕೆ ಹಾಕಿಸಿಕೊಳ್ಳಬೇಕೇ?

ಈ ಪ್ರಶ್ನೆಗೆ ಅಜ್ಜಂದಿರು ನಗುತ್ತಾರೆ. ಆದರೆ ನಾಯಿಕೆಮ್ಮು ಎಳೆಮಗುವಿಗೆ ಅಂಟುವುದು ಹೆಚ್ಚಾಗಿ ಮನೆಯವರಿಂದಲೇ. ದೊಡ್ಡವರಲ್ಲಿ ಅದು ಬಿಡದ ಕೆಮ್ಮಿನಂತೆ ಮಾತ್ರ ಕಾಣಿಸುತ್ತದೆ, ಎರಡು ತಿಂಗಳು ತುಂಬದ ಕೂಸಿನಲ್ಲಿ ಉಸಿರನ್ನೇ ನಿಲ್ಲಿಸಬಹುದು. ಮಗುವಿಗೆ ನಾಯಿಕೆಮ್ಮಿನ ಮೊದಲ ಲಸಿಕೆ ಬೀಳುವುದೇ ಆರರಿಂದ ಎಂಟು ವಾರಕ್ಕೆ. ಅಲ್ಲಿಯವರೆಗೆ ಸುತ್ತಲಿನವರೇ ಅದಕ್ಕೆ ಬೇಲಿ. ಬಸುರಿಗೆ ಕೊನೆಯ ಮೂರು ತಿಂಗಳಲ್ಲಿ ಈ ಲಸಿಕೆ ಕೊಟ್ಟರೆ ತಾಯಿಯ ರಕ್ಷಣೆ ಮಗುವಿಗೂ ದಾಟುತ್ತದೆ. ಮಗುವನ್ನು ಎತ್ತಿಕೊಳ್ಳುವ ಹಿರಿಯರು ಎರಡು ವಾರ ಮೊದಲೇ ಹಾಕಿಸಿಕೊಂಡಿದ್ದರೆ ಒಳ್ಳೆಯದು. ಬಂದರಿನಲ್ಲಿ ಹತ್ತೂರಿನ ಕೆಲಸಗಾರರೊಂದಿಗೆ ಉಸಿರಿಗೆ ಉಸಿರು ತಾಗಿಸಿ ನಿಲ್ಲುವವರಿಗಂತೂ ಇನ್ನೂ ಅಗತ್ಯ.

ಬಲೆಗೆ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ಯುತ್ತೇವೆ. ನಿಲ್ಲಿಸಬೇಕೇ?

ನಿಲ್ಲಿಸಬೇಕು. ಮಗು ಹುಟ್ಟುವ ಮುಂಚೆಯೇ, ಸಾಧ್ಯವಾದರೆ ಬಸಿರು ತಿಳಿದ ದಿನವೇ.

ಈ ಪುಟದಲ್ಲಿ ಒಂದೇ ಉತ್ತರ ಓದುವ ಪುರುಸೊತ್ತಿದ್ದರೆ ಇದನ್ನು ಓದಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸಾಧಾರಣ ಒಲೆಯೇ ಸಾಕು. ಅದಕ್ಕೇ ಹಿತ್ತಿಲಲ್ಲಿ, ಕೆಲವೊಮ್ಮೆ ಅಡುಗೆ ಒಲೆಯ ಮೇಲೇ ಹಳೆ ಬಾಣಲೆಯಲ್ಲಿ ಕರಗಿಸುವ ಅಭ್ಯಾಸ ತಲೆಮಾರುಗಳಿಂದ ಬಂದಿದೆ. ಕರಗುವಾಗ ಏಳುವ ಹೊಗೆ, ಮೇಲೆ ಕಟ್ಟುವ ಬೂದು ಕೆನೆ, ಉಜ್ಜುವಾಗ ಉದುರುವ ಪುಡಿ ನೆಲದ ಮೇಲೆ, ಚಾಪೆಯ ಮೇಲೆ, ಅಂಗಿಯ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಹಾಕುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಎಳೆಯ ದೇಹ ಹೀರಿಕೊಳ್ಳಬಲ್ಲದು. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಡ್ಡಿಯಿಲ್ಲ ಎನ್ನುವಂಥ ಸುರಕ್ಷಿತ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾನಿಯಾಗುವುದು ಮಿದುಳಿಗೆ, ಕಲಿಕೆಗೆ. ಹೊರಗಿನಿಂದ ನೋಡಿದರೆ ವರ್ಷಗಟ್ಟಲೆ ಏನೂ ತಿಳಿಯುವುದಿಲ್ಲ. ತಾಯಿಯ ಎಲುಬಿನಲ್ಲಿ ಹಿಂದೆಂದೋ ಸೇರಿಕೊಂಡ ಸೀಸ ಬಸಿರಿನಲ್ಲಿ ರಕ್ತಕ್ಕೆ ಇಳಿದು ಹೊಟ್ಟೆಯ ಮಗುವನ್ನು ತಲುಪುವುದೂ ಉಂಟು.

"ನಾವೆಲ್ಲ ಇದರ ನಡುವೆಯೇ ಬೆಳೆದವರು, ನಮಗೇನಾಯಿತು?" ಎಂದು ಮಾವನವರು ಕೇಳಿಯೇ ಕೇಳುತ್ತಾರೆ. ವಾದಕ್ಕೆ ಇಳಿಯಬೇಡಿ. ಎರಕದ ಕೆಲಸವನ್ನು ಮನೆಯಿಂದ ದೂರ, ಗಾಳಿಯಾಡುವ ಕಡೆ ಸಾಗಿಸಿ, ಆ ಬಾಣಲೆಯನ್ನು ಮತ್ತೆ ಅಡುಗೆಮನೆಗೆ ತರಬೇಡಿ, ಕೆಲಸದ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯಬೇಡಿ. ನೆಲವನ್ನು ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸಿ, ಗುಡಿಸಿದರೆ ಪುಡಿ ಹಾರಿ ಮತ್ತೆ ಕೂರುತ್ತದೆ. ಹಲವು ಕಡೆ ಕಬ್ಬಿಣ, ಸಿಮೆಂಟು, ಕಲ್ಲಿನ ಗುಂಡುಗಳು ಕೆಲಸಕ್ಕೆ ಆಗುತ್ತವೆ. ಮನೆಯೊಳಗೆ ವರ್ಷಾನುಗಟ್ಟಲೆ ಎರಕ ನಡೆದಿದ್ದರೆ ತಾಯಿ ಮಗು ಇಬ್ಬರ ರಕ್ತ ಪರೀಕ್ಷೆ ಮಾಡಿಸುವಂತೆ ಡಾಕ್ಟರಲ್ಲಿ ನೀವೇ ಬಾಯಿಬಿಟ್ಟು ಕೇಳಿ. ನೀವು ಹೇಳದೆ ಅವರಿಗೆ ಹೊಳೆಯುವ ವಿಷಯ ಇದಲ್ಲ.

ಬಸುರಿ, ಬಾಣಂತಿ ಮೀನು ತಿನ್ನಬಹುದೇ?

ತಿನ್ನಬೇಕು. ಮಗುವಿನ ಮಿದುಳಿಗೆ, ಕಣ್ಣಿಗೆ ಬೇಕಾದ ಒಮೆಗಾ-3 ಕೊಬ್ಬು, ಅಯೋಡಿನ್ ಎಲ್ಲ ಅದರಲ್ಲಿದೆ. ನೋಡಬೇಕಾದದ್ದು ಯಾವ ಮೀನು ಎಂಬುದನ್ನು. ಸಣ್ಣ ಮೀನು ತಿಂದು ದೊಡ್ಡದು, ದೊಡ್ಡದನ್ನು ತಿಂದು ಅದಕ್ಕಿಂತ ದೊಡ್ಡದು ಹೀಗೆ ಮೇಲೇರಿದಷ್ಟೂ ಪಾದರಸ ಒಟ್ಟಾಗುತ್ತ ಹೋಗುತ್ತದೆ. ಶಾರ್ಕ್, ಕತ್ತಿಮೀನು, ಮಾರ್ಲಿನ್, ಕಿಂಗ್ ಮ್ಯಾಕರೆಲ್, ದೊಡ್ಡಕಣ್ಣಿನ ಟ್ಯೂನಾ, ಇವು ಈ ದಿನಗಳಲ್ಲಿ ಬೇಡ. ಬೂತಾಯಿ, ನೆತ್ತಲಿಯಂಥ ಚಿಕ್ಕ ಮೀನು ವಾರಕ್ಕೆ ಎರಡು ಮೂರು ಸಲ, ಒಟ್ಟು ಸುಮಾರು 225ರಿಂದ 340 ಗ್ರಾಂ ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ. ಪೇಟೆಯವರು ವಾರಕ್ಕೊಮ್ಮೆ ತಿನ್ನುವುದನ್ನು ನಾವು ದಿನಕ್ಕೆರಡು ಸಲ ತಿನ್ನುತ್ತೇವೆ. ಆದ್ದರಿಂದ ಈ ಲೆಕ್ಕ ಬೇರೆಯವರಿಗಿಂತ ನಮಗೇ ಹೆಚ್ಚು ಅನ್ವಯ. ಒಂದು ವಿಚಿತ್ರವೆಂದರೆ, ಮನೆಯ ಬಸುರಿಗೆಂದು ಪ್ರೀತಿಯಿಂದ ಎತ್ತಿಡುವುದು ಯಾವಾಗಲೂ ಬಲೆಯ ದೊಡ್ಡ ಮೀನನ್ನೇ.

ಇದು ಬರಿ ಪುಸ್ತಕದ ಎಚ್ಚರಿಕೆಯಲ್ಲ. ಜಪಾನಿನ ಮಿನಮಾಟಾ ಕೊಲ್ಲಿಗೆ ಚಿಸ್ಸೋ ಎಂಬ ರಾಸಾಯನಿಕ ಕಾರ್ಖಾನೆ ದಶಕಗಳ ಕಾಲ ಪಾದರಸ ಬೆರೆತ ನೀರು ಬಿಟ್ಟಿತು. 1956ರ ಮೇ 1ರಂದು ಆ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಮೊದಲು ಬಿದ್ದವರು ಕೊಲ್ಲಿಯ ಮೀನನ್ನೇ ಉಂಡು ಬದುಕುತ್ತಿದ್ದ ಮೀನುಗಾರರ ಮನೆಯವರು, ಅವರ ಬೆಕ್ಕುಗಳು. ಆಗೆಲ್ಲ ಮಾಸು ಮಗುವನ್ನು ವಿಷದಿಂದ ಕಾಯುತ್ತದೆ ಎಂದು ವೈದ್ಯರೇ ನಂಬಿದ್ದರು. ಆದರೆ ತಾಯಿ ಹೆಚ್ಚುಕಡಿಮೆ ಆರೋಗ್ಯವಾಗಿದ್ದು ಮಗು ಮಾತ್ರ ತೀವ್ರ ನರದೋಷದೊಂದಿಗೆ ಹುಟ್ಟಿದ ಮನೆಗಳು ಒಂದರ ಹಿಂದೆ ಒಂದು ಕಂಡವು. ತಾಯಿ ತಿಂದ ಪಾದರಸವನ್ನು ಗರ್ಭದ ಮಗು ಹೀರಿಕೊಂಡಿತ್ತು. ನಿಮ್ಮ ನೀರಿನ ಬದಿಯಲ್ಲಿ ಕಾರ್ಖಾನೆಯೋ ಚಿನ್ನದ ಗಣಿಯೋ ಇದ್ದರೆ ಅಲ್ಲಿನ ಮೀನಿನ ಬಗ್ಗೆ ಸರ್ಕಾರದ ಎಚ್ಚರಿಕೆ ಏನಾದರೂ ಇದೆಯೇ ಎಂದು ವಿಚಾರಿಸಿ.

ಮಗುವನ್ನು ಎಲ್ಲಿ ಮಲಗಿಸಬೇಕು?

ತಾಯಿ ಮಲಗುವ ಕೋಣೆಯಲ್ಲೇ, ಬೇರೆ ಹಾಸಿಗೆಯಲ್ಲಿ, ಅಂಗಾತ. ದಿಂಬು, ದಪ್ಪ ಹೊದಿಕೆ ಬೇಡ. ಎರಡು ರಾತ್ರಿ ನಿದ್ದೆಗೆಟ್ಟು ಕಡಲಿನಿಂದ ಬಂದವರು ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಒರಗಬಾರದು. ಆ ನಿದ್ದೆ ಸಾಮಾನ್ಯ ನಿದ್ದೆಯಲ್ಲ, ಮಗು ಜಾರಿದರೂ ಎಚ್ಚರವಾಗುವುದಿಲ್ಲ. ಹಳೆಯ ಬಲೆಯ ತುಂಡಿನಿಂದ ಜೋಲಿ, ತೊಟ್ಟಿಲಿನ ಬದಿ ಹೆಣೆಯುವುದು ನೋಡಲು ಚಂದ. ಆದರೆ ನೈಲಾನ್ ಕಣ್ಣಿಗೆ ಬೆರಳು, ಕತ್ತು ಸಿಕ್ಕಿಕೊಳ್ಳುತ್ತದೆ. ಗೋಡೆಗೆ ತೂಗುಹಾಕಿ, ತೊಟ್ಟಿಲಿಗೆ ಬೇಡ.

ಮೀನಿನ ಐಸ್ ಪೆಟ್ಟಿಗೆಯಲ್ಲಿ ಎದೆಹಾಲು ಇಡಬಹುದೇ?

ಮೀನು ಇಡುವ ಪೆಟ್ಟಿಗೆಯಲ್ಲಿ ಬೇಡವೇ ಬೇಡ, ಎಷ್ಟು ತೊಳೆದರೂ. ಹಾಲಿಗೇ ಒಂದು ಸಣ್ಣ ಪೆಟ್ಟಿಗೆ ತೆಗೆದಿಡಿ. ಹಿಂಡಿದ ಹಾಲು 25 ಡಿಗ್ರಿವರೆಗಿನ ತಂಪಿನಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಬಿಸಿಲಿನ ಹರಾಜು ಕಟ್ಟೆಯಲ್ಲಿ ನಾಲ್ಕು ಗಂಟೆಯ ಲೆಕ್ಕ ನಂಬಬೇಡಿ, ಕೂಡಲೇ ಐಸಿಗೆ ಇಡಿ. ಹೆಪ್ಪುಗಟ್ಟಿಸಿದ್ದನ್ನು ಕರಗಿಸಿದ ಮೇಲೆ ಮತ್ತೆ ಹೆಪ್ಪುಗಟ್ಟಿಸಬಾರದು.

ಬಾಣಂತಿ ಮೀನು ಕೆಲಸಕ್ಕೆ ಯಾವಾಗ ಮರಳಬಹುದು?

ನಿಜವಾದ ಪ್ರಶ್ನೆ ಅವಳ ಕೆಲಸವನ್ನು ಅಷ್ಟು ದಿನ ಯಾರು ಮಾಡುತ್ತಾರೆ ಎಂಬುದು. ಹಿಡಿಯುವುದನ್ನು ಮಾತ್ರ ಎಣಿಸಿದರೆ ಮೀನುಗಾರಿಕೆ ಗಂಡಸರ ಕೆಲಸದಂತೆ ಕಾಣುತ್ತದೆ. ವಿಂಗಡಿಸುವುದು, ಒಣಗಿಸುವುದು, ಮಾರುವುದು ಎಲ್ಲ ಸೇರಿಸಿದರೆ ಜಗತ್ತಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೆಲಸಗಾರರು ಹೆಂಗಸರೇ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು. ಮನೆಯ ಅರ್ಧ ದುಡಿಮೆ ಹಾಸಿಗೆ ಹಿಡಿದಾಗ ಉಳಿದರ್ಧ ಅದನ್ನು ಹಂಚಿಕೊಳ್ಳಬೇಕು. ಇಲ್ಲವಾದರೆ ಹದಿನೈದನೇ ದಿನಕ್ಕೇ ಅವಳು ಬುಟ್ಟಿ ಎತ್ತುತ್ತಾಳೆ, ಯಾರೂ ಹೇಳದಿದ್ದರೂ.

ಆರು ವಾರ ಭಾರ ಎತ್ತುವುದು ಬೇಡ. ಸಿಸೇರಿಯನ್ ಆಗಿದ್ದರೆ ಮೊದಲ ವಾರಗಳಲ್ಲಿ ಮಗುವಿಗಿಂತ ಭಾರವಾದದ್ದನ್ನು ಎತ್ತಲೇಬಾರದು, ತುಂಬಿದ ಬುಟ್ಟಿಯ ಭಾರ ಎಷ್ಟು ಮಗುವಿನದೆಂದು ನಿಮಗೇ ಗೊತ್ತು. ಈ ಆರು ವಾರದಲ್ಲಿ ರಕ್ತಸ್ರಾವ ಒಮ್ಮೆಲೇ ಹೆಚ್ಚಾದರೆ, ಜ್ವರ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ ಬೋಟು ಬರಲಿ ಎಂದು ಕಾಯಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಅಷ್ಟೇ, ಆ ಗಳಿಗೆಯಲ್ಲೇ ಆಸ್ಪತ್ರೆಗೆ.

ಅತ್ತೆ ಒಂದು ಹೇಳುತ್ತಾರೆ, ನರ್ಸ್ ಇನ್ನೊಂದು. ಯಾರ ಮಾತು ಕೇಳಲಿ?

ಎತ್ತುವುದು, ಸಂತೈಸುವುದು, ತೇಗಿಸುವುದು, ಬಾಣಂತಿಯನ್ನು ಉಪಚರಿಸುವುದು, ಇವುಗಳಲ್ಲಿ ಐದು ಮಕ್ಕಳನ್ನು ಸಾಕಿದ ಕೈಯನ್ನು ಯಾವ ನರ್ಸೂ ಮೀರಿಸಲಾರಳು. ಹಾಲು, ಔಷಧಿ, ಲಸಿಕೆ, ಜ್ವರ ಇವುಗಳಲ್ಲಿ ನರ್ಸ್ ಮಾತೇ ಮಾತು. ಮೊದಲ ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡ, ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ಈ ಮೂರನ್ನು ಕುರಿತು ರಾಜಿ ಇಲ್ಲ. ಅತ್ತೆಯನ್ನು ಒಮ್ಮೆ ತಪಾಸಣೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಸೊಸೆಯ ಬಾಯಿಂದ ಬಂದರೆ ಎದುರುತ್ತರ, ಡಾಕ್ಟರ ಬಾಯಿಂದ ಬಂದರೆ ಸಲಹೆ. ನಾಳೆ ಅದೇ ಅತ್ತೆ ಪಕ್ಕದ ಮನೆಗೆ ಹೋಗಿ ಅದನ್ನೇ ತಮ್ಮ ಮಾತೆಂಬಂತೆ ಹೇಳುತ್ತಾರೆ. ಹೇಳಲಿ ಬಿಡಿ.

ಬಾಣಂತಿ ಸುಮ್ಮಸುಮ್ಮನೆ ಅಳುತ್ತಾಳೆ. ಗಂಡ ಕಡಲಲ್ಲಿದ್ದಾನೆ ಎಂದೇ?

ಮೊದಲ ಎರಡು ವಾರ ಕಣ್ಣೀರು ಬರುವುದು ಸಾಮಾನ್ಯ, ತಾನಾಗಿ ತಿಳಿಯಾಗುತ್ತದೆ. ಅದಕ್ಕೂ ಮೀರಿದರೆ, ಮಗುವಿನ ಕಡೆ ನೋಡಲೂ ಮನಸ್ಸಿಲ್ಲದಿದ್ದರೆ, ನಿದ್ದೆ ಬರದಿದ್ದರೆ ಅದು ಕಾಯಿಲೆ, ಮದ್ದಿದೆ. ಸಾಯುವ ಮಾತಾಡಿದರೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ. ಗಾಳಿ ಎದ್ದ ರಾತ್ರಿ ಗಂಡನ ಬೋಟಿನ ಚಿಂತೆಯಲ್ಲಿ ಕೂತವಳಿಗೆ "ನಾವೆಲ್ಲ ಹೀಗೇ ಕಾದವರು" ಎಂದು ಹೇಳಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ, ಕಾದು ಗೊತ್ತಿರುವವರಿಗೆ ಅದು ಬರುತ್ತದೆ.

ವಾರಗಟ್ಟಲೆ ಆದ ಮೇಲೆ ಬಂದರೆ ಮಗು ನನ್ನನ್ನು ಕಂಡು ಕಿರುಚುತ್ತದೆ. ಏನು ಮಾಡಲಿ?

ಇದನ್ನು ಕೇಳುವಾಗ ಎಂಥ ಗಟ್ಟಿ ಆಳಿನ ದನಿಯೂ ಸಣ್ಣದಾಗುತ್ತದೆ. ಆರೇಳು ತಿಂಗಳ ಹೊತ್ತಿಗೆ ಮಗು ತನ್ನವರನ್ನೂ ಹೊರಗಿನವರನ್ನೂ ಬೇರೆ ಮಾಡಿ ನೋಡಲು ಕಲಿಯುತ್ತದೆ, ಹೊಸ ಮುಖಕ್ಕೆ ಹೆದರುತ್ತದೆ. ಅದು ಬೆಳವಣಿಗೆಯ ಲಕ್ಷಣ, ನಿಮ್ಮ ಮೇಲಿನ ದ್ವೇಷವಲ್ಲ. ಬಂದ ಕೂಡಲೇ ಕಸಿದು ಎತ್ತಿಕೊಳ್ಳಬೇಡಿ. ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಬಲೆಗೆ ತೇಪೆ ಹಾಕುತ್ತಿರಿ, ಅದಾಗಿಯೇ ಹತ್ತಿರ ಬರುತ್ತದೆ. ಹೊಟ್ಟೆಯಲ್ಲಿರುವಾಗಲೇ ಕೊನೆಯ ತಿಂಗಳುಗಳಲ್ಲಿ ಮಗುವಿಗೆ ದನಿ ಕೇಳಿಸುತ್ತದೆ. ಹೋಗುವ ಮುಂಚೆ ನಿಮ್ಮ ಮಾತು, ಹಾಡು ಏನನ್ನಾದರೂ ಫೋನಿನಲ್ಲಿ ಹಿಡಿದಿಟ್ಟು ಹೋಗಿ. ದಿನಾ ಮಲಗಿಸುವಾಗ ಅದನ್ನೇ ಕೇಳಿಸಲಿ.

ಮಗುವನ್ನು ದೋಣಿ ಹತ್ತಿಸುವುದು ಯಾವಾಗ?

ದಡಕ್ಕೆ ಕಟ್ಟಿದ ದೋಣಿಯಲ್ಲಿ ಒಂದು ಫೋಟೋ ಎಂದು ಶುರುವಾಗುತ್ತದೆ. ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್ ಇಲ್ಲದೆ ಎಳೆಮಗುವನ್ನು ದೋಣಿಗೆ ಒಯ್ಯಬಾರದು ಎಂಬುದು ಅಮೆರಿಕದ ಕರಾವಳಿ ಕಾವಲು ಪಡೆಯ ಸಲಹೆ. ಮಗುವಿನ ತೂಕ ಸುಮಾರು 8 ಕಿಲೋ ಆಗುವ ತನಕ ಅಂಥ ಜಾಕೆಟ್ ಸರಿಯಾಗಿ ಕೂರುವುದು ಕಷ್ಟ. ಕಾರಿನ ಮಗು ಕುರ್ಚಿಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿದರೆ ಭದ್ರ ಎಂದು ಕೆಲವರು ತಿಳಿಯುತ್ತಾರೆ. ದೋಣಿ ಮಗುಚಿದರೆ ಆ ಕುರ್ಚಿ ಮಗುವನ್ನು ಕಟ್ಟಿಕೊಂಡೇ ಮುಳುಗುತ್ತದೆ. ಎಂಜಿನ್ನಿನ ಸದ್ದು ಕಿವಿಗೂ, ನೀರಿನ ಮೇಲಿನ ಬಿಸಿಲು ಚರ್ಮಕ್ಕೂ ಒಳ್ಳೆಯದಲ್ಲ.

ಆದರೆ ಹೆಚ್ಚಿನ ಅಪಾಯ ಇರುವುದು ಅಂಗಳದಲ್ಲೇ. ಒಂದರಿಂದ ನಾಲ್ಕು ವರ್ಷದ ಮಕ್ಕಳೇ ಎಲ್ಲರಿಗಿಂತ ಹೆಚ್ಚು ನೀರಿಗೆ ಬಲಿಯಾಗುವವರು, ಅವರಿಗೆ ಐದು ಸೆಂಟಿಮೀಟರ್ ನೀರೂ ಸಾಕು. ಕರಗಿದ ಮಂಜುಗಡ್ಡೆಯ ಪೆಟ್ಟಿಗೆ, ಏಡಿ ಬಿಟ್ಟ ಬಕೆಟ್, ಮೀನು ತೊಳೆಯುವ ತೊಟ್ಟಿ, ಎಲ್ಲವನ್ನೂ ಕೆಲಸ ಮುಗಿದ ಕೂಡಲೇ ಬೋರಲು ಹಾಕಿ. ಬಾಗಿಲ ಬಳಿಯ ಆ ಕೈತೊಳೆಯುವ ಬಕೆಟ್ಟನ್ನೂ ಈಗ ಮೇಲೆತ್ತಿ. "ನಮ್ಮ ಮಕ್ಕಳು ಹುಟ್ಟುತ್ತಲೇ ಈಜುತ್ತವೆ" ಎಂಬ ಮಾತಿಗೆ ನಾನಂತೂ ಕಿವಿಗೊಡುವುದಿಲ್ಲ.

ಮಗುವಿಗೆ ಮೊದಲ ಮೀನು ಯಾವಾಗ?

ಆರು ತಿಂಗಳು ತುಂಬಿದ ಮೇಲೆ, ಚೆನ್ನಾಗಿ ಬೇಯಿಸಿ, ಬೆರಳಲ್ಲಿ ಹಿಸುಕಿ ಹಿಸುಕಿ ಮುಳ್ಳು ಹುಡುಕಿದ ಮೇಲೆ. ಮೊದಲ ಸಲ ಚಿಟಿಕೆಯಷ್ಟು. ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಸಿರು ಕಟ್ಟುವುದು ಕಂಡರೆ ನಿಲ್ಲಿಸಿ, ಉಸಿರಿನ ತೊಂದರೆಯಾದರೆ ಓಡಿ. ಉಪ್ಪು ಹಾಕಿ ಒಣಗಿಸಿದ ಮೀನು ವರ್ಷದೊಳಗೆ ಬೇಡ, ಅಷ್ಟು ಉಪ್ಪನ್ನು ಅದರ ಮೂತ್ರಪಿಂಡ ತಡೆಯಲಾರದು.

ಕಡಲಿನಲ್ಲಿ ತೀರಿಹೋದವರ ಹೆಸರನ್ನು ಮಗುವಿಗೆ ಇಡಬಹುದೇ?

ಇಡಬಹುದು, ಆದರೆ ಅವರ ಹೆಂಡತಿಯನ್ನು ಮೊದಲು ಕೇಳಿ. ದಿನಕ್ಕೆ ನಲವತ್ತು ಸಲ ಆ ಹೆಸರನ್ನು ಕೂಗುವ ಮನೆಯಲ್ಲಿ ಇರಬೇಕಾದವರು ಅವರು. ಒಬ್ಬರಿಗೆ ಅದು ತಂಪು, ಇನ್ನೊಬ್ಬರಿಗೆ ಗಾಯ. ಅವರು ಬೇಡವೆಂದರೆ ಚರ್ಚೆ ಅಲ್ಲಿಗೇ ಮುಗಿಯಬೇಕು.

ಹುಟ್ಟಿದ್ದು ಹೆಣ್ಣು. ದೋಣಿ ಮುಂದೆ ಯಾರಿಗೆ?

ತೊಟ್ಟಿಲು ತೂಗುವಾಗಲೇ ಇದನ್ನು ಕೇಳುವ ಅಜ್ಜಂದಿರಿದ್ದಾರೆ. ಗಂಡು ಹುಟ್ಟಿದರೂ ಉತ್ತರ ಒಂದೇ, ಈಗಲೇ ಗೊತ್ತಾಗುವುದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2007ರ ಮೀನುಗಾರಿಕಾ ಕೆಲಸದ ಒಪ್ಪಂದ, ಅಂದರೆ 188ನೆಯದು, ಬೋಟಿನಲ್ಲಿ ದುಡಿಯಲು ಸಾಮಾನ್ಯವಾಗಿ ಕನಿಷ್ಠ ವಯಸ್ಸು 16 ಎನ್ನುತ್ತದೆ. ಅಂದರೆ ಹದಿನಾರು ವರ್ಷ ಸಮಯವಿದೆ. ಅಷ್ಟರಲ್ಲಿ ಗಾಳಿ ನೋಡುವುದು, ಗಂಟು ಹಾಕುವುದು, ಲೆಕ್ಕ ಬರೆಯುವುದು ಎಲ್ಲವನ್ನೂ ಮೊಮ್ಮಗಳಿಗೆ ಕಲಿಸಿ ಎಂದು ಅಜ್ಜನಿಗೆ ಹೇಳಿ. ಸದ್ಯಕ್ಕೆ ಅವರು ಕೈ ತೊಳೆದು, ಗೋಡೆಗೆ ಒರಗಿ ಭದ್ರವಾಗಿ ಕೂತು, ತೊಡೆಯ ಮೇಲೆ ದಿಂಬು ಇಟ್ಟುಕೊಂಡರೆ ಅವಳನ್ನು ಅವರ ಕೈಗೆ ಕೊಡಬಹುದು. ಕೈ ನಡುಗುತ್ತಿದ್ದರೆ ಪಕ್ಕದಲ್ಲಿ ಇನ್ನೊಬ್ಬರು ಕೂತಿರಲಿ.